‘ಟೋಚತೈತಿ’ ಅನ್ನುವ ಮಗುವಿಗೆ ಯೂನಿಫಾರ್ಮ್

ಮಹಿಳಾ ವೇದಿಕೆಯವರು ಮಕ್ಕಳ ಬಗ್ಗೆ ಏನಾದರೂ ಮಾತಾಡು ಅಂದಾಗ, ಶಾಲೆಯ ಯೂನಿಫಾರ್ಮ್ ಬಗ್ಗೆ ಮಾತಾಡ್ತೀನಿ ಅಂದೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ, ‘ಅದರಾಗ ಮಾತಾಡೂದು ಏನೈತಿ? ಸಾಲ್ಯಾಗ ಹೇಳಿದ್ದು ತರೂದು, ಹಾಕೂದು’ ಅಂದರು. ತರುವುದಕ್ಕೂ ಹಾಕುವುದಕ್ಕೂ ನಡುವೆ ಎಷ್ಟು ದೂರ ಇದೆ ಅಂತ ಇಲ್ಲಿ ಮುಂದಿನ ಸಾಲಿನಲ್ಲಿ ನಗುತ್ತಿರುವ ತಾಯಂದಿರಿಗೆ ನಾನು ಹೇಳಬೇಕಾಗಿಲ್ಲ.

ನನ್ನ ಮಗಳಿಗೆ ಈಗ ಆರು ವರ್ಷ. ಮೂರನೇ ವರ್ಷದಿಂದಲೇ ಬಟ್ಟೆಯ ವಿಷಯದಲ್ಲಿ ಅವಳದು ಬೇರೆಯೇ ಲೆಕ್ಕ. ಕಪಾಟಿನ ತುಂಬ ಬಟ್ಟೆ, ಹಾಕಿಕೊಳ್ಳುವುದು ಮಾತ್ರ ಎರಡೇ ಎರಡು ಹಳೆ ಫ್ರಾಕು. ಜರಿ ಇದ್ದದ್ದು, ನೆಟ್ ಇದ್ದದ್ದು, ಕುತ್ತಿಗೆ ಮುಚ್ಚುವಂಥದ್ದು ಯಾವುದೂ ಬೇಡ. ಹಬ್ಬದ ದಿನ ಖಣದ ಲಂಗ ಹಾಕಿಸಿ ಒಂದು ಫೋಟೋ ತೆಗೆಯುವಷ್ಟರಲ್ಲಿ ಬಿಚ್ಚಿ ಎಸೆದಿರುತ್ತಿದ್ದಳು. ಮನೆಯಲ್ಲಿ ಇದೆಲ್ಲ ನಡೆಯುತ್ತದೆ. ಜೂನಿಯರ್ ಕೆಜಿಗೆ ಸೇರಿಸಿದಾಗ ಶಾಲೆಯವರು ಒಂದು ಚೀಟಿ ಕೊಟ್ಟರು: ಮೊನೊಗ್ರಾಮ್ ಇರುವ ಬಿಳಿ ಶರ್ಟು, ಚೌಕಡಿ ಪಿನಾಫೋರ್, ಇಲಾಸ್ಟಿಕ್ ಟೈ, ಬೆಲ್ಟು, ಉದ್ದನೆಯ ಸಾಕ್ಸು, ಕಪ್ಪು ಬೂಟು. ಅವಳು ದೂರ ಇಡುತ್ತಿದ್ದದ್ದೆಲ್ಲ ಒಂದೇ ಚೀಟಿಯಲ್ಲಿ!

ಮೊದಲ ದಿನ ಹಾಕಿದ ಕೂಡಲೇ ಅವಳು ಅಂದದ್ದು, ‘ಅಮ್ಮಾ, ಟೋಚತೈತಿ’. ಅರ್ಧ ಮರಾಠಿ, ಅರ್ಧ ಧಾರವಾಡ. ಪುಣೆಯಲ್ಲಿ ಬೆಳೆಯುವ ನಮ್ಮ ಮಕ್ಕಳ ಕನ್ನಡ ಹೀಗೇ. ಚುಚ್ಚುತ್ತದೆ ಅಂತ ಅರ್ಥ. 7:35ಕ್ಕೆ ಬಸ್ಸು ಬರುತ್ತದೆ, ನನಗೆ 8:30ಕ್ಕೆ ಹಿಂಜವಡಿಯಲ್ಲಿ ಕಾಲ್ ಇದೆ, ಇವಳು ಬಾಗಿಲ ಹತ್ತಿರ ಶರ್ಟಿನ ಕಾಲರು ಹಿಡಿದು ಅಳುತ್ತ ನಿಂತಿದ್ದಾಳೆ. ನಮ್ಮ ಅತ್ತೆಯವರು ಆಗ ಇಲ್ಲೇ ಇದ್ದರು. ‘ಎಲ್ಲಾ ಹುಡುಗರೂ ಹಾಕ್ಕೋತಾವ, ಇಕಿಗೊಬ್ಬಾಕಿಗೆ ಏನಾಗೇತಿ? ಎರಡು ದಿನ ಅಳತಾಳ, ಮೂರನೇ ದಿನ ಸುಮ್ಮನಾಗತಾಳ’ ಅಂದರು. ಪಕ್ಕದ ಫ್ಲ್ಯಾಟಿನವರೂ ಅದನ್ನೇ ಅಂದರು, ಮರಾಠಿಯಲ್ಲಿ.

ನಾನು ಎಂ.ಟೆಕ್ ಓದಿದವಳು, ಆದರೆ ಇಲ್ಲಿ ಉಪಯೋಗಕ್ಕೆ ಬಂದದ್ದು ಓದಲ್ಲ, ಕೆಲಸ. ಹನ್ನೊಂದು ವರ್ಷದಿಂದ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದೇನೆ. ಬಳಸುವವರು ‘ಇದು ನಡೀತಿಲ್ಲ’ ಅಂತ ದೂರು ಕೊಟ್ಟರೆ, ‘ನಿಮಗೆ ಹಟ’ ಅಂತ ಉತ್ತರ ಬರೆಯುವ ಹಾಗಿಲ್ಲ. ಎಲ್ಲಿ ನಿಲ್ಲುತ್ತದೆ, ಯಾವಾಗ, ಏನು ಮಾಡಿದಾಗ ಅಂತ ಕೇಳಬೇಕು. ಮಗಳನ್ನೂ ಹಾಗೇ ಕೇಳಿದೆ. ಆದರೆ ನಾಲ್ಕು ವರ್ಷದ ಮಗುವಿಗೆ ‘ಎಲ್ಲಿ’ ಅಂದರೆ ‘ಎಲ್ಲಾ ಕಡೆ’ ಅನ್ನುವುದೊಂದೇ ಉತ್ತರ.

ಅದಕ್ಕೆ ಒಂದು ಶನಿವಾರ, ಅವಸರವಿಲ್ಲದ ಹೊತ್ತಿನಲ್ಲಿ, ಒಂದು ಟಿಕ್ಲಿ ಪಾಕೀಟು ಅವಳ ಕೈಗೆ ಕೊಟ್ಟೆ. ಯೂನಿಫಾರ್ಮ್ ಹಾಕಿಕೊಂಡು ಆಟವಾಡು, ಎಲ್ಲಿ ಟೋಚತೈತಿ ಅಲ್ಲಿ ಒಂದು ಟಿಕ್ಲಿ ಹಚ್ಚು ಅಂದೆ. ಅರ್ಧ ತಾಸಿನಲ್ಲಿ ಒಂಬತ್ತು ಟಿಕ್ಲಿ. ಅದರಲ್ಲಿ ಎರಡು ಬರೀ ಅಲಂಕಾರಕ್ಕೆ ಅಂತ ಅವಳೇ ಒಪ್ಪಿಕೊಂಡಳು. ಉಳಿದ ಏಳನ್ನು ನೋಡಿ ಬಟ್ಟೆಯನ್ನು ತಿರುವಿ ಹಾಕಿದೆ.

ಕುತ್ತಿಗೆಯ ಹಿಂದೆ ನೈಲಾನ್ ಲೇಬಲ್ಲು. ಅದು ಎಲ್ಲರಿಗೂ ಗೊತ್ತು. ಆದರೆ ಕತ್ತರಿಯಿಂದ ಕತ್ತರಿಸಿದರೆ ಉಳಿಯುವ ಚೂರು ಇನ್ನೂ ಹೆಚ್ಚು ಚುಚ್ಚುತ್ತದೆ, ಹೊಲಿಗೆ ಬಿಚ್ಚಿಯೇ ತೆಗೆಯಬೇಕು. ಎದೆಯ ಮೇಲೆ ಮೂರು ಟಿಕ್ಲಿ, ಸರಿಯಾಗಿ ಮೊನೊಗ್ರಾಮ್ ಮೇಲೆ. ಹೊರಗಿನಿಂದ ಎಷ್ಟು ಚೆಂದದ ಕಸೂತಿ! ಒಳಗೆ ನೋಡಿದರೆ ದಾರದ ಗಂಟುಗಳು, ಯಂತ್ರದ ಕಸೂತಿಗೆ ಆಧಾರವಾಗಿ ಇಡುವ ಕಾಗದದಂಥ ಗಟ್ಟಿ ಹಾಳೆ, ಅದರ ಚೂಪು ಅಂಚು. ನನ್ನ ಅಂಗೈ ಹಿಂಭಾಗಕ್ಕೆ ಉಜ್ಜಿಕೊಂಡೆ. ಒಂದೇ ನಿಮಿಷಕ್ಕೆ ಸಾಕಾಯಿತು. ಅವಳು ಅದನ್ನು ಐದು ತಾಸು ಎದೆಗೆ ಕಟ್ಟಿಕೊಂಡು ಕೂಡಬೇಕು. ಕಂಕುಳಲ್ಲಿ ಓವರ್‌ಲಾಕ್ ಹೊಲಿಗೆಯ ಗಡಸು ದಾರ. ಕಾಲರಿನೊಳಗೆ ಬಕ್ರಂ. ಕೊನೆಯ ಟಿಕ್ಲಿ ಸಾಕ್ಸಿನ ಬೆರಳ ತುದಿಯ ಹೊಲಿಗೆಯ ಮೇಲೆ. ಸಾಕ್ಸನ್ನು ಒಳಮೈ ಹೊರಗೆ ಮಾಡಿ ಹಾಕಿದರೆ ಅದು ಅಲ್ಲಿಗೇ ಮುಗಿಯಿತು, ಬೂಟಿನೊಳಗೆ ಯಾರು ನೋಡುತ್ತಾರೆ?

ಆ ಟಿಕ್ಲಿಗಳನ್ನು ನೋಡಿದ ಮೇಲೆ ಅತ್ತೆಯವರು ಏನೂ ಅನ್ನಲಿಲ್ಲ. ತಮ್ಮ ಪೆಟ್ಟಿಗೆಯಿಂದ ಒಂದು ಹಳೆ ಹತ್ತಿ ಸೀರೆ ತೆಗೆದರು, ಕೌದಿ ಹೊಲಿಯಲು ಇಟ್ಟುಕೊಂಡಿದ್ದು. ಅಂಗೈ ಅಗಲ ಹರಿದು ಮೊನೊಗ್ರಾಮಿನ ಒಳಗೆ ಕೈಹೊಲಿಗೆಯಲ್ಲಿ ಕೂಡಿಸಿದರು. ‘ಹುಟ್ಟಿದ ಕೂಸಿಗೆ ಹೊಸಾ ಅರಿವಿ ಹಾಕತೀವೇನು? ಹಳೇ ಅರಿವಿನೇ ಮೆತ್ತಗ’ ಅಂದರು. ನಮಗೆ ಗೊತ್ತಿಲ್ಲದ ಸಂಗತಿಯೇನಲ್ಲ ಇದು. ಕೂಸಿಗೆ ಅನ್ವಯಿಸುವುದನ್ನು ನಾಲ್ಕು ವರ್ಷಕ್ಕೆ ನಿಲ್ಲಿಸಿಬಿಡುತ್ತೇವೆ, ಅಷ್ಟೇ.

ಇನ್ನು ಬಟ್ಟೆಯ ಮಾತು. ನಾವು ಟೆರಿಕಾಟ್ ಅನ್ನುವುದು ಪಾಲಿಯೆಸ್ಟರ್ ಮತ್ತು ಹತ್ತಿಯ ಮಿಶ್ರಣ. ಶರ್ಟಿನ ಬಟ್ಟೆಯಲ್ಲಿ ಸಾಮಾನ್ಯವಾಗಿ ಪಾಲಿಯೆಸ್ಟರಿನ ಪಾಲೇ ಹೆಚ್ಚು, ಮೂರರಲ್ಲಿ ಎರಡು ಪಾಲಿನಷ್ಟು. ಪಿನಾಫೋರಿಗೆ, ಪ್ಯಾಂಟಿಗೆ ಪಾಲಿಯೆಸ್ಟರ್–ವಿಸ್ಕೋಸ್. ಸಾಧಾರಣ ಹವೆಯಲ್ಲಿ ಹತ್ತಿ ನೂಲು ತನ್ನ ತೂಕದ ಶೇಕಡಾ 7–8ರಷ್ಟು ತೇವ ಹಿಡಿದುಕೊಳ್ಳುತ್ತದೆ, ಪಾಲಿಯೆಸ್ಟರ್ ಅರ್ಧ ಶೇಕಡಾ ಕೂಡ ಇಲ್ಲ. ಮಗು ಓಡಾಡಿ ಬೆವೆತಾಗ ಆ ಬೆವರು ಬಟ್ಟೆಗೆ ಹೋಗದೆ ಚರ್ಮದ ಮೇಲೇ ಉಳಿಯುತ್ತದೆ, ಬಟ್ಟೆ ಬಂದು ಅಂಟುತ್ತದೆ. ಬೆಳಿಗ್ಗೆ ಹಾಕಿಕೊಂಡು ಹೋದ ಮಗು ಮಧ್ಯಾಹ್ನ ಬಂದು ಬಾಗಿಲಲ್ಲೇ ಬಿಚ್ಚುವುದಕ್ಕೆ ಇದೂ ಒಂದು ಕಾರಣ. ಅಂಗಡಿಯವರು ‘ಪ್ಯೂರ್ ಕಾಟನ್’ ಅಂದರೆ, ಒಳಹೊಲಿಗೆಯಿಂದ ಒಂದೆರಡು ಎಳೆ ಕಿತ್ತು ಮನೆಯಲ್ಲಿ ಸುಟ್ಟು ನೋಡಿ. ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಮಕ್ಕಳ ಎದುರಿಗೆ ಬೇಡ.

ಹಾಗಂತ ಎಲ್ಲ ಹತ್ತಿಯದೇ ಕೊಳ್ಳಿ ಅಂತ ನಾನು ಹೇಳುವುದಿಲ್ಲ. ಪುಣೆಯ ಜುಲೈ ತಿಂಗಳು ನಿಮಗೂ ಗೊತ್ತು. ಹತ್ತಿಯ ದಪ್ಪ ಪಿನಾಫೋರ್ ಎರಡು ದಿನವಾದರೂ ಒಣಗುವುದಿಲ್ಲ, ವಾಸನೆ ಬೇರೆ. ಇಸ್ತ್ರಿಗೆ ಬೇರೆ ಸಮಯ ಬೇಕು, ಅದೂ ನಮ್ಮ ಕೈಯಿಂದಲೇ ತಾನೆ. ನಾನು ಮಾಡಿದ್ದು ಇಷ್ಟು: ಮೈಗೆ ತಾಗುವ ಶರ್ಟು ಮಾತ್ರ ಹತ್ತಿಯದು, ಮೇಲಿನ ಪಿನಾಫೋರ್ ಅಂಗಡಿಯದೇ, ಅದಕ್ಕೆ ಒಳಗಿನಿಂದ ಮಲ್ ಬಟ್ಟೆಯ ಅಸ್ತರ್. ಹೊಸ ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ಸ್ವಲ್ಪ ಕುಗ್ಗುತ್ತದೆ, ಅದಕ್ಕೆ ಒಂದು ಸೈಜ್ ದೊಡ್ಡದೇ ತೆಗೆದುಕೊಳ್ಳಿ. ಗಂಜಿ ಹೋಗುವವರೆಗೆ ನಾಲ್ಕೈದು ಸಲ ಒಗೆಯಿರಿ. ಅಂದರೆ ಮೇ ಕೊನೆಯ ವಾರದಲ್ಲಿ ಲಕ್ಷ್ಮಿ ರಸ್ತೆಯ ನೂಕುನುಗ್ಗಲಿನಲ್ಲಿ ಕೊಂಡರೆ ಈ ಒಗೆತಕ್ಕೆ ವೇಳೆ ಸಿಗುವುದಿಲ್ಲ. ಏಪ್ರಿಲ್‌ನಲ್ಲೇ ತನ್ನಿ, ಮಗುವನ್ನು ಕರೆದುಕೊಂಡು ಹೋಗಿ, ಅಂಗಡಿಯಲ್ಲೇ ಹಾಕಿಸಿ, ನಿಲ್ಲಿಸಿ ನೋಡುವುದಲ್ಲ, ನೆಲದ ಮೇಲೆ ಕೂಡಿಸಿ ನೋಡಿ. ಜೂನಿಯರ್ ಕೆಜಿ ಮಕ್ಕಳು ಹೆಚ್ಚು ಹೊತ್ತು ಕೂತಿರುತ್ತಾರೆ. ಸೊಂಟದ ಇಲಾಸ್ಟಿಕ್ ಬಿಗಿಯುವುದು ಆಗಲೇ ಗೊತ್ತಾಗುವುದು.

ಆದರೆ ಶಾಲೆ ಒಪ್ಪಬೇಕಲ್ಲ ಅಂತ ನೀವು ಕೇಳುತ್ತೀರಿ. ನಮ್ಮದು ಸಿಬಿಎಸ್‌ಇ ಶಾಲೆ, ಆದರೂ ಒಂದೇ ಅಂಗಡಿಯ ಹೆಸರು ಬರೆದುಕೊಟ್ಟಿದ್ದರು. ಶಾಲೆಗಳು ಪುಸ್ತಕ, ಯೂನಿಫಾರ್ಮ್ ಮಾರುವ ವ್ಯಾಪಾರದಲ್ಲಿ ತೊಡಗಬಾರದು ಅಂತ ಸಿಬಿಎಸ್‌ಇ 2017ರಲ್ಲಿ ತನ್ನ ಶಾಲೆಗಳಿಗೆ ತಿಳಿಸಿತ್ತು. ನಾನು ಅದನ್ನು ಹಿಡಿದು ಜಗಳಕ್ಕೆ ಹೋಗಲಿಲ್ಲ. ಟಿಕ್ಲಿ ಹಚ್ಚಿದ ಶರ್ಟನ್ನೇ ಚೀಲದಲ್ಲಿ ಹಾಕಿಕೊಂಡು ಹೋದೆ. ಮುಖ್ಯೋಪಾಧ್ಯಾಯಿನಿ ಮೊನೊಗ್ರಾಮಿನ ಒಳಭಾಗ ಮುಟ್ಟಿ ನೋಡಿದರು. ಬಣ್ಣ, ಮಾದರಿ ಅದೇ ಇದ್ದರೆ ಹತ್ತಿಯ ಶರ್ಟು ಹೊಲಿಸಬಹುದು ಅಂದರು. ಟೈ ಬಗ್ಗೆ ಒಪ್ಪಲಿಲ್ಲ, ‘ಶಿಸ್ತು’ ಅಂದರು. ನಾಲ್ಕು ವರ್ಷದ ಮಗುವಿನ ಕುತ್ತಿಗೆಗೆ ಇಲಾಸ್ಟಿಕ್ ಕಟ್ಟಿ ಬರುವ ಶಿಸ್ತು ಯಾವುದು ಅಂತ ನನಗೆ ಇವತ್ತಿಗೂ ತಿಳಿದಿಲ್ಲ. ಎರಡನೇ ವರ್ಷ ಇನ್ನೂ ಮೂವರು ತಾಯಂದಿರು ಕೇಳಿದ ಮೇಲೆ ಟೈ ಸೋಮವಾರಕ್ಕೆ ಮಾತ್ರ ಅಂತಾಯಿತು.

ಒಂದು ಎಚ್ಚರಿಕೆ. ಬಟ್ಟೆಯಷ್ಟೇ ಅಲ್ಲ, ಉಗುರು ಕತ್ತರಿಸುವುದು, ಕೂದಲು ಬಾಚುವುದು, ಕೆಲವು ತಿನಿಸು ಬಾಯಿಗೆ ತಾಗುವುದು, ಕುಕ್ಕರಿನ ಸೀಟಿ ಎಲ್ಲವೂ ಮಗುವಿಗೆ ತಡೆಯದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಬೇಕಿದ್ದರೆ ಅವರು ಆಕ್ಯುಪೇಷನಲ್ ಥೆರಪಿಸ್ಟ್ ಹತ್ತಿರ ಕಳಿಸುತ್ತಾರೆ. ಸ್ಪರ್ಶವನ್ನು ಕೆಲವು ಮಕ್ಕಳು ಹೆಚ್ಚು ತೀಕ್ಷ್ಣವಾಗಿ ಅನುಭವಿಸುತ್ತಾರೆ ಅನ್ನುವುದನ್ನು ಅಮೆರಿಕದ ಜೀನ್ ಏರ್ಸ್ ಎಂಬ ಥೆರಪಿಸ್ಟ್ 1970ರ ದಶಕದಲ್ಲೇ ಬರೆದಿದ್ದಾರೆ. ಇದರಲ್ಲಿ ಮುಚ್ಚಿಡುವಂಥದ್ದು ಏನಿಲ್ಲ. ಚರ್ಮದ ಮೇಲೆ ಕೆಂಪು ಗುಳ್ಳೆ, ಒಣ ತುರಿಕೆ ಇದ್ದರೆ ಮೊದಲು ಅದರ ಔಷಧ.

ನನ್ನನ್ನು ಈ ವಿಷಯಕ್ಕೆ ಹಚ್ಚಿದ್ದು ಬೇರೊಂದು ಯೋಚನೆ. ಅದೇ ಶಾಲೆಯಲ್ಲಿ ಅದೇ ತಿಂಗಳು ಮಕ್ಕಳಿಗೆ ಒಳ್ಳೆ ಸ್ಪರ್ಶ, ಕೆಟ್ಟ ಸ್ಪರ್ಶದ ಪಾಠ ಇತ್ತು. ನಿನ್ನ ಮೈಗೆ ಏನಾದರೂ ಹಿತವಿಲ್ಲ ಅನಿಸಿದರೆ ಅಮ್ಮನಿಗೆ ಹೇಳು, ಅಮ್ಮ ನಂಬುತ್ತಾಳೆ ಅಂತ ಹೇಳಿಕೊಟ್ಟರು. ಮಗಳು ಮನೆಗೆ ಬಂದು ಅದನ್ನು ಒಪ್ಪಿಸಿದಳು. ಬೆಳಿಗ್ಗೆ 7:30ಕ್ಕೆ ‘ಚುಚ್ಚತೈತಿ’ ಅಂದರೆ ‘ಏನೂ ಚುಚ್ಚೂದಿಲ್ಲ, ಸುಳ್ಳು ಹೇಳಬ್ಯಾಡ’ ಅನ್ನುವ ಮನೆಯಲ್ಲಿ ಆ ಪಾಠವನ್ನು ಮಗು ಹೇಗೆ ನಂಬುತ್ತದೆ? ಹೆಣ್ಣುಮಕ್ಕಳಿಗೆ ‘ಸ್ವಲ್ಪ ತಡಕೋ’ ಅನ್ನುವ ಮಾತು ನಾವೆಲ್ಲ ಕೇಳಿಯೇ ಬೆಳೆದವರು. ಹೊಸ ರವಿಕೆ ಬಿಗಿದರೂ ತಡಕೋ, ಚಪ್ಪಲಿ ಕಚ್ಚಿದರೂ ತಡಕೋ.

ಮಗಳು ಈಗಲೂ ಎಲ್ಲ ದಿನ ನಗುತ್ತ ಹೋಗುತ್ತಾಳೆ ಅಂತಲ್ಲ. ಕ್ರೀಡಾ ದಿನದ ಟೀ ಶರ್ಟಿನ ವಿಷಯದಲ್ಲಿ ಇನ್ನೂ ಮಾತುಕತೆ ನಡೆದಿದೆ.

ಕೊನೆಗೆ ನಮ್ಮ ವೇದಿಕೆಗೆ ಒಂದು ಕೆಲಸ. ಮಕ್ಕಳು ವರ್ಷದಲ್ಲಿ ಎರಡು ಸೈಜ್ ಬೆಳೆದಾಗ ನಮ್ಮ ಮನೆಗಳಲ್ಲಿ ಗಟ್ಟಿಮುಟ್ಟಾದ ಯೂನಿಫಾರ್ಮ್‌ಗಳು ಸುಮ್ಮನೆ ಉಳಿಯುತ್ತವೆ. ಒಂದು ವರ್ಷ ಒಗೆದು ಮೆತ್ತಗಾದ ಬಟ್ಟೆ ಇಂಥ ಮಕ್ಕಳಿಗೆ ಹೊಸದಕ್ಕಿಂತ ಎಷ್ಟೋ ಮೇಲು. ‘ಇನ್ನೊಬ್ಬರು ಉಟ್ಟದ್ದು’ ಅಂತ ಸಂಕೋಚ ಬೇಡ. ಬಿಳಿ ಶರ್ಟು, ಪಿಟಿಯ ಬಿಳಿ ಪ್ಯಾಂಟು ಹೆಚ್ಚುಕಡಿಮೆ ಎಲ್ಲ ಶಾಲೆಗೂ ಆಗುತ್ತವೆ. ಉಳಿದದ್ದರ ಮೇಲೆ ಶಾಲೆಯ ಹೆಸರು, ಸೈಜ್ ಬರೆದ ಚೀಟಿ ಪಿನ್ ಮಾಡಿ, ಏಪ್ರಿಲ್ ಕೊನೆಯ ಭಾನುವಾರ ಸಂಘದ ಹಾಲಿಗೆ ತನ್ನಿ. ಹನ್ನೊಂದರಿಂದ ಒಂದರವರೆಗೆ ನಾನು ಅಲ್ಲೇ ಇರುತ್ತೇನೆ. ಲೇಬಲ್ಲು ಬಿಚ್ಚಲು ಸಣ್ಣ ಕತ್ತರಿ ಇದ್ದವರು ಅದನ್ನೂ ತನ್ನಿ.