ಯಂತ್ರದ ನಿದ್ರೆಯೂ ಎಚ್ಚರವೂ
(ಸಂಘದ ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತರು ವೇದಿಕೆಯನ್ನೇರಿದರೆಂದರೆ ಪಂಪನೋ ಕುಮಾರವ್ಯಾಸನೋ ಜೊತೆಗೆ ಬಂದಿರುವನೆಂದು ತಾವು ನಿರೀಕ್ಷಿಸುವುದು ಸಹಜ. ಇಂದು ನಾವು ಕಂಪ್ಯೂಟರಿನೊಳಗಣ ಒಂದು ಸಣ್ಣ ವಿಷಯವನ್ನು ಕುರಿತು ಮಾತನಾಡಲು ನಿಂತಿದ್ದೇವೆ. ಇದಕ್ಕೆ ಕಾರಣ ನಮಗೇ ಒದಗಿದ ಒಂದು ಪೇಚು.

2018ರ ಮಳೆಗಾಲದ ಮಾತು. ನಮ್ಮ ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಒಂದು ದೊಡ್ಡ ಯಂತ್ರವಿದ್ದಿತು. ಅದರ ಒಡಲಿನಲ್ಲಿ, ಲೋಹದ ದೇಹವಿಲ್ಲದೆ ತಂತ್ರಾಂಶದಿಂದಲೇ ರೂಪುಗೊಂಡ ಕೆಲವು ಯಂತ್ರಗಳು ನಡೆಯುತ್ತಿದ್ದವು. ಇವನ್ನು ವರ್ಚುವಲ್ ಯಂತ್ರಗಳೆನ್ನುತ್ತಾರೆ. ಆಶ್ರಯ ಕೊಡುವುದು ಆತಿಥೇಯ, ಆಶ್ರಯ ಪಡೆಯುವುದು ಅತಿಥಿ. ಅಂತಹ ಒಂದು ಅತಿಥಿಯಲ್ಲಿ ನಮ್ಮ ವಿದ್ಯಾರ್ಥಿನಿಯೊಬ್ಬಳು ಪ್ರಬಂಧವೊಂದನ್ನು ಬೆರಳಚ್ಚು ಮಾಡುತ್ತಿದ್ದಳು. ಗಮನ ಚದುರಬಾರದೆಂದು ನಾವೇ ಅದರ ನೆಟ್‌ವರ್ಕನ್ನು ಮುಚ್ಚಿಟ್ಟಿದ್ದೆವು. ಸಂಜೆ ಗುಡುಗು ಹತ್ತಿತು. ವಿದ್ಯುತ್ತು ಹೋಗುವ ಮೊದಲೇ ಅತಿಥಿಯನ್ನು ಇದ್ದಂತೆಯೇ ನಿದ್ರೆಗೆ ಕಳುಹಿಸಿದೆವು. ಮರುದಿನ ಎಚ್ಚರಿಸಿದಾಗ ಪ್ರಬಂಧ ಒಂದಕ್ಷರವೂ ಮಾಸದೆ ಹಾಗೆಯೇ ಇದ್ದಿತು. ಆದರೆ ನೆಟ್‌ವರ್ಕನ್ನು ತೆರೆದರೂ ಒಂದು ಪೊಟ್ಟಣವೂ ಹೊರಗೆ ಹೋಗಲೊಲ್ಲದು! ಸ್ಪರ್ಧೆಗೆ ಕಳುಹಿಸಲು ಅಂದೇ ಕಡೆಯ ದಿನ. ಗಡುವು ಕಳೆಯಿತು. ಆ ಮಗು ಏನೂ ಅನ್ನಲಿಲ್ಲ. ಅದೇ ನಮ್ಮನ್ನು ಹೆಚ್ಚು ನೋಯಿಸಿತು.

ಇದರ ಒಳಗುಟ್ಟನ್ನು ತಿಳಿಸಿಕೊಟ್ಟವನು ನಮ್ಮ ಹಳೆಯ ವಿದ್ಯಾರ್ಥಿ. ಗುರುವು ಶಿಷ್ಯನಾದ ಆ ಎರಡು ಗಂಟೆಗಳ ಫಲವೇ ಈ ಭಾಷಣ.

ಅತಿಥಿ ಯಂತ್ರದ ನೆಟ್‌ವರ್ಕ್ ಉಪಕರಣವೂ ವರ್ಚುವಲ್ಲೇ. ಅದನ್ನು ನಡೆಸುವ ತಂತ್ರಾಂಶಕ್ಕೆ ಡ್ರೈವರ್ ಎಂದು ಹೆಸರು. ಲಿನಕ್ಸ್ ವ್ಯವಸ್ಥೆಯಲ್ಲಿ ವರ್ಟ್‌ಐಓ ಎಂಬ ಕುಟುಂಬದ ಡ್ರೈವರುಗಳು 2008ರ ಜನವರಿಯಲ್ಲಿ ಹೊರಬಂದ 2.6.24ನೆಯ ಆವೃತ್ತಿಯಲ್ಲಿ ಸೇರಿದವು. ಇವುಗಳಲ್ಲಿ ಅತಿಥಿಗೂ ಆತಿಥೇಯಕ್ಕೂ ನಡುವಣ ವ್ಯವಹಾರ ಉಂಗುರದಂತೆ ಸುತ್ತಿ ಬರುವ ಒಂದು ಪಟ್ಟಿಯ ಮೂಲಕ. ಅಂಗಡಿಯ ಉದ್ದರಿ ಪುಸ್ತಕವನ್ನು ನೆನೆದುಕೊಳ್ಳಿ. ಅತಿಥಿಯು ತನ್ನ ನೆನಪಿನ ಯಾವ ಯಾವ ಜಾಗದಲ್ಲಿ ಬರಿದಾದ ಪಾತ್ರೆಗಳಿವೆಯೆಂದು ಅದರಲ್ಲಿ ಬರೆದಿಡುತ್ತದೆ; ಆತಿಥೇಯವು ಬಂದ ಪೊಟ್ಟಣಗಳನ್ನು ಆ ಜಾಗಗಳಲ್ಲೇ ಇಟ್ಟು, ಇಟ್ಟೆನೆಂದು ಗುರುತು ಹಾಕುತ್ತದೆ. ಎಲ್ಲಿಯವರೆಗೆ ಓದಿದೆವೆಂಬುದನ್ನು ಇಬ್ಬರೂ ಬೇರೆ ಬೇರೆಯಾಗಿ ನೆನಪಿಡುತ್ತಾರೆ.

ತೊಡಕು ಇಲ್ಲಿಯೇ. ದೀರ್ಘನಿದ್ರೆಗೆ ಹೋಗುವಾಗ ಅತಿಥಿಯ ನೆನಪೆಲ್ಲ ಡಿಸ್ಕಿಗೆ ಇಳಿಯುತ್ತದೆ, ಯಂತ್ರ ಆರುತ್ತದೆ. ಎದ್ದಾಗ ಅತಿಥಿಗೆ ಐವತ್ತೇಳನೆಯ ಸಾಲಿನವರೆಗೆ ಓದಿದ ನೆನಪು. ಎದುರಿಗಿರುವ ಉಪಕರಣವಾದರೋ ಹೊಸ ಹುಟ್ಟು, ಅದಕ್ಕೆ ಪುಸ್ತಕವೇ ತಿಳಿಯದು. ಆದಕಾರಣ ಮಲಗುವ ಮುನ್ನ ಹಳೆಯ ಲೆಕ್ಕವನ್ನು ಪೂರ್ತಿಯಾಗಿ ಮುಗಿಸಿ, ಎದ್ದ ಮೇಲೆ ಹೊಸದನ್ನು ತೆರೆಯಬೇಕು. ಈ ನೆಟ್‌ವರ್ಕ್ ಡ್ರೈವರಿಗೆ ಆ ವಿದ್ಯೆ ಬಂದುದು 2012ರಲ್ಲಿ, 3.3ನೆಯ ಆವೃತ್ತಿಯಲ್ಲಿ.

ಮುಗಿಸುವುದಕ್ಕೂ ಒಂದು ಕ್ರಮವುಂಟು. ನಮ್ಮ ನಾಡಿನವರಿಗೆ ಇದನ್ನು ತಿಳಿಸುವುದು ಸುಲಭ. ಪತ್ತನಾಜೆಯನ್ನು ಕಾಣದವರು ಇಲ್ಲಿ ಯಾರಿದ್ದಾರೆ? ಮೇಳವು ಗೆಜ್ಜೆ ಬಿಚ್ಚುವ ಮೊದಲು ಹೊಸ ಆಟಗಳನ್ನು ಒಪ್ಪಿಕೊಳ್ಳುವುದನ್ನು ನಿಲ್ಲಿಸಬೇಕು, ರಂಗದ ಮೇಲಿರುವ ಆಟ ಮುಗಿಯಬೇಕು, ಬಳಿಕ ವೇಷಗಳು ಪೆಟ್ಟಿಗೆ ಸೇರಬೇಕು. ಡ್ರೈವರ್ ಮಾಡುವುದೂ ಇದನ್ನೇ. ಮೊದಲು ಮೇಲಿನಿಂದ ಪೊಟ್ಟಣ ಬರುವ ಬಾಗಿಲನ್ನು ಮುಚ್ಚುತ್ತದೆ. ಬಂದ ಪೊಟ್ಟಣಗಳನ್ನು ಎತ್ತಿಕೊಳ್ಳುವ ಕೆಲಸವನ್ನು ನಿಲ್ಲಿಸುತ್ತದೆ. ಆಮೇಲೆ ಉಪಕರಣವನ್ನು ಮೊದಲಿನ ಸ್ಥಿತಿಗೆ ತಂದು, ಇನ್ನು ನಮ್ಮ ಪಾತ್ರೆಗಳನ್ನು ಮುಟ್ಟಬೇಡವೆಂದು ಆತಿಥೇಯಕ್ಕೆ ತಿಳಿಯಪಡಿಸುತ್ತದೆ. ಆ ಬಳಿಕವೇ ಪಾತ್ರೆಗಳನ್ನೂ ಪಟ್ಟಿಯನ್ನೂ ಹಿಂತೆಗೆಯುವುದು. ಈ ಕಡೆಯ ಎರಡು ಹೆಜ್ಜೆಗಳು ಹಿಂದುಮುಂದಾದರೆ, ಬೇರೊಬ್ಬರಿಗೆ ಹಂಚಿಹೋದ ಜಾಗದಲ್ಲಿ ಆತಿಥೇಯವು ಪೊಟ್ಟಣವನ್ನು ಸುರಿದೀತು. ಯಾರ ಬರೆಹ ಕೆಟ್ಟಿತೆಂದು ಹುಡುಕುವುದೇ ಕಷ್ಟವಾದೀತು.

ಎಚ್ಚರವಾಗುವಾಗ ಕ್ರಮ ತಿರುಗುಮುರುಗು: ಹೊಸ ಪಟ್ಟಿ, ಸಿದ್ಧನೆಂಬ ಗುರುತು, ಬರಿದಾದ ಪಾತ್ರೆಗಳು, ಎಲ್ಲಕ್ಕೂ ಕಡೆಯಲ್ಲಿ ಬಾಗಿಲು.

ಮಲಗುವಾಗ ಪಟ್ಟಿಯಲ್ಲಿ ಉಳಿದ ಪೊಟ್ಟಣಗಳ ಗತಿಯೇನೆಂದು ಕೇಳಬಹುದು. ಅವು ಬಿಸಾಡಿಹೋಗುತ್ತವೆ. ತಲುಪಿದುದಕ್ಕೆ ಉತ್ತರ ಬಾರದಿದ್ದರೆ ಮತ್ತೆ ಕಳುಹಿಸುವ ಹೊಣೆ ಮೇಲಿನ ಪದರದ್ದು. ನಿದ್ರೆ ದೀರ್ಘವಾದರೆ ಆಚೆಯವರು ಕಾದು ಬೇಸತ್ತು ಸಂಬಂಧವನ್ನೇ ಕಡಿದುಕೊಂಡಿರುತ್ತಾರೆ.

ಇನ್ನು ನಮ್ಮ ಪೇಚಿಗೆ ಬರೋಣ. 2017ರಲ್ಲಿ ಈ ಡ್ರೈವರಿನಲ್ಲಿ ಒಂದು ದೋಷ ಕಂಡುಬಂದಿತು. ವೇಷಧಾರಿ ರಂಗದ ಮೇಲಿರುವಾಗಲೇ ಪೆಟ್ಟಿಗೆ ಕಟ್ಟಿದಂತೆ, ಪೊಟ್ಟಣವೊಂದು ಹೊರಡುತ್ತಿರುವಾಗಲೇ ಪಟ್ಟಿ ಹಿಂತೆಗೆಯಲ್ಪಡುವ ಸಂಭವವಿದ್ದಿತು. ಇದನ್ನು ತಡೆಯಲು ಬಾಗಿಲಿಗೆ ಎರಡನೆಯದೊಂದು ಅಗುಳಿಯನ್ನು ಹಾಕಿದರು. ಉದ್ದೇಶ ಒಳ್ಳೆಯದೇ. ಆದರೆ ಎಚ್ಚರವಾದಾಗ ಬಾಗಿಲು ತೆರೆಯುವ ಕಾವಲುಗಾರನ ನಿಯಮವೇನು? ಮಲಗುವ ಮೊದಲು ನೆಟ್‌ವರ್ಕ್ ನಡೆಯುತ್ತಿದ್ದರೆ ಅಗುಳಿ ತೆಗೆ, ಇಲ್ಲವಾದರೆ ಮುಟ್ಟಬೇಡ. ಮೊದಲ ಅಗುಳಿಯೂ ಅದೇ ನಿಯಮದಂತೆ, ನಡೆಯುತ್ತಿದ್ದಾಗ ಮಾತ್ರ, ಬೀಳುತ್ತಿದ್ದಿತು. ಎರಡನೆಯದೋ ಯಾವ ಸ್ಥಿತಿಯಲ್ಲಿಯೂ ಬೀಳುವಂಥದು. ನಾವು ನೆಟ್‌ವರ್ಕನ್ನು ಮುಚ್ಚಿಟ್ಟು ಮಲಗಿಸಿದ್ದೆವಷ್ಟೆ. ಕಾವಲುಗಾರ ಅದನ್ನು ತೆಗೆಯಲಿಲ್ಲ, ನಾವು ಮರಳಿ ತೆರೆದಾಗಲೂ ಅದು ಬಿದ್ದೇ ಇದ್ದಿತು. ಗಮನ ಚದುರಬಾರದೆಂಬ ನಮ್ಮ ಜಾಣತನವೇ ನಮಗೆ ಮುಳುವಾಯಿತು!

ಅದೇ 2018ರ ಅಕ್ಟೋಬರಿನಲ್ಲಿ ಇದನ್ನು ತಿದ್ದಿದರು. ಎರಡನೆಯ ಅಗುಳಿಯನ್ನು ತೆಗೆದುಹಾಕಿ, ಬಾಗಿಲು ಮುಚ್ಚುವ ಕ್ಷಣಕ್ಕೆ ಮಾತ್ರ ಹಿಡಿದು, ಮುಚ್ಚಿದೊಡನೆ ಬಿಡುವ ಬೀಗವೊಂದನ್ನು ಇರಿಸಿದರು. ಹೊರಡುತ್ತಿರುವ ಪೊಟ್ಟಣ ಹೋಗಿ ಮುಗಿಯುವವರೆಗೆ ಬೀಗ ಕೈಗೆ ಸಿಗದು. ಸಿಕ್ಕಿತೆಂದರೆ ರಂಗ ಬರಿದಾಗಿದೆಯೆಂದೇ ಅರ್ಥ.

ನಾವಾದರೋ ಗಡುವು ಕಳೆದ ಮರುದಿನ, ಬೇರೆ ದಾರಿ ಕಾಣದೆ ಅತಿಥಿಯನ್ನು ಪೂರ್ತಿಯಾಗಿ ಆರಿಸಿ ಮತ್ತೆ ಹೊತ್ತಿಸಿದೆವು. ಎಲ್ಲವೂ ಹೊಸದಾಗಿ ಹುಟ್ಟಿದ್ದರಿಂದ ಅಗುಳಿಯೂ ಇಲ್ಲವಾಗಿದ್ದಿತು. ಪ್ರಬಂಧ ಒಂದೇ ಸಲಕ್ಕೆ ಹೊರಟಿತು. ತಡವಾಯಿತೆಂದು ಹಿಂದಕ್ಕೂ ಬಂದಿತು. ಅದನ್ನು ಆ ವರ್ಷದ ಶಾಲಾ ಪತ್ರಿಕೆಯಲ್ಲಿ ಮೊದಲ ಪುಟಕ್ಕೆ ಹಾಕಿದೆವು.