ತಲೆಹೊಟ್ಟು: ಎಣ್ಣೆ ಹಚ್ಚಿದ್ರೆ ಹೋಗುತ್ತಾ?

ಇವತ್ತಿನ ಮಾತು ಭುಜದ ಮೇಲೆ ಉದುರೋ ಬಿಳಿ ಪುಡಿ ಬಗ್ಗೆ. ಹೌದು, ತಲೆಹೊಟ್ಟು.

ಪಿಯುಸಿಯಿಂದ ಡಿಗ್ರಿ ಮುಗಿಯೋವರೆಗೂ ನಾನು ಕಪ್ಪು ಶರ್ಟ್ ಹಾಕಿದ್ದೇ ಇಲ್ಲ. ಹಿಂದೆ ಕೂತವರು ನೋಡಿ ನಗ್ತಾರೆ ಅಂತ ಕೊನೆ ಬೆಂಚೇ ನನ್ನ ಜಾಗ. ಅಮ್ಮ ಹೇಳ್ತಿದ್ದದ್ದು ಒಂದೇ: "ತಲೆ ಒಣಗಿದೆ ಕಣೋ, ಎಣ್ಣೆ ಹಚ್ಚು." ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ ಮಲಗೋದು, ಬೆಳಿಗ್ಗೆ ತಲೆಸ್ನಾನ. ಎರಡು ದಿನ ಆರಾಮ, ಮೂರನೇ ದಿನ ಮತ್ತೆ ಅದೇ ಕಥೆ.

ಯಾಕೆ ಹೀಗೆ? ಹೊಟ್ಟು ಅಂದ್ರೆ ತಲೆ ಒಣಗಿದೆ ಅಂತಲ್ಲ. ಹೆಚ್ಚಿನವರಲ್ಲಿ ಅದು ಜಿಡ್ಡಿನ ಸಮಸ್ಯೆ. ನಮ್ಮೆಲ್ಲರ ತಲೆಯ ಚರ್ಮದಲ್ಲೂ ಮಲಸೀಜಿಯಾ ಅನ್ನೋ ಶಿಲೀಂಧ್ರ ಇರುತ್ತೆ. ಚರ್ಮದಿಂದ ಒಸರೋ ಜಿಡ್ಡೇ ಅದರ ಊಟ. ಅದು ತಿಂದು ಉಳಿಸೋ ಆಮ್ಲ ಕೆಲವರ ಚರ್ಮಕ್ಕೆ ಆಗಿಬರಲ್ಲ. ಆಗ ತುರಿಕೆ ಶುರುವಾಗುತ್ತೆ. ಸುಮಾರು ಒಂದು ತಿಂಗಳಲ್ಲಿ ಕಣ್ಣಿಗೆ ಕಾಣದ ಹಾಗೆ ಉದುರಬೇಕಾದ ಚರ್ಮ, ಅವಸರವಾಗಿ ಚಕ್ಕೆ ಚಕ್ಕೆಯಾಗಿ ಏಳುತ್ತೆ. ಎಣ್ಣೆ ಹಚ್ಚಿದಾಗ ಆ ಚಕ್ಕೆ ಕೂದಲಿಗೆ ಅಂಟಿಕೊಳ್ಳುತ್ತೆ, ಹೋಯ್ತು ಅನ್ನಿಸುತ್ತೆ. ಹೋಗಿರಲ್ಲ.

ಹದಿಹರೆಯದಲ್ಲಿ ಹಾರ್ಮೋನ್‌ನಿಂದ ಜಿಡ್ಡು ಹೆಚ್ಚುತ್ತೆ, ಅದಕ್ಕೇ ಹೊಟ್ಟೂ ಆಗಲೇ ಶುರು. ಹಾಗಾಗಿ ಇದು ಗಲೀಜಿನ ಗುರುತಲ್ಲ. ಒಬ್ಬರ ಬಾಚಣಿಗೆಯಿಂದ ಇನ್ನೊಬ್ಬರಿಗೆ ಅಂಟೋ ರೋಗವೂ ಅಲ್ಲ.

ಸರಿ, ಏನ್ ಮಾಡೋದು? ಶಾಂಪೂ ಕೊಳ್ಳುವಾಗ ಜಾಹೀರಾತು ಬಿಡಿ, ಬಾಟಲಿ ಹಿಂದಿನ ಸಣ್ಣ ಅಕ್ಷರ ಓದಿ. ಕೀಟೋಕೊನಜೋಲ್, ಜಿಂಕ್ ಪೈರಿಥಿಯೋನ್, ಸೆಲೆನಿಯಂ ಸಲ್ಫೈಡ್ – ಇವುಗಳಲ್ಲಿ ಒಂದು ಇರಲಿ. ಶೇ 2ರ ಕೀಟೋಕೊನಜೋಲ್ ಶಾಂಪೂ ಆದ್ರೆ ವಾರಕ್ಕೆ 2 ಸಲ, 2ರಿಂದ 4 ವಾರ. ನಾವೆಲ್ಲ ತಪ್ಪು ಮಾಡೋದು ಇಲ್ಲೇ: ನೊರೆ ಬಂದ ತಕ್ಷಣ ತೊಳೆದುಬಿಡ್ತೀವಿ. ಕೂದಲಿಗಲ್ಲ, ಬುಡದ ಚರ್ಮಕ್ಕೆ ತಾಗಿಸಿ, 3ರಿಂದ 5 ನಿಮಿಷ ಹಾಗೇ ಬಿಡಿ. ಔಷಧ ಕೆಲಸ ಮಾಡೋಕೆ ಅಷ್ಟು ಹೊತ್ತು ಬೇಕು. ಕಡಿಮೆಯಾದ ಮೇಲೂ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಬಳಸಿ. ಇದು ಪೂರ್ತಿ ಗುಣವಾಗೋ ಕಾಯಿಲೆ ಅಲ್ಲ, ಹಿಡಿತದಲ್ಲಿ ಇಟ್ಕೊಳ್ಳೋದು.

ಎಣ್ಣೆ ಬಿಡಲ್ಲ ಅನ್ನೋರು ಸ್ನಾನಕ್ಕೆ ಸ್ವಲ್ಪ ಮುಂಚೆ ಕೂದಲಿನ ತುದಿಗಷ್ಟೇ ಹಚ್ಚಿ, ರಾತ್ರಿಯಿಡೀ ಬೇಡ. ನಿಂಬೆರಸ, ಅಡುಗೆ ಸೋಡಾ ತಿಕ್ಕಬೇಡಿ, ಉರಿಯೋ ಚರ್ಮ ಇನ್ನೂ ಉರಿಯುತ್ತೆ. ಉಗುರಿನಿಂದ ಕೆರೆಯಬೇಡಿ. ಒದ್ದೆ ತಲೆ ಮೇಲೆ ಹೆಲ್ಮೆಟ್ ಹಾಕ್ಬೇಡಿ, ಒರೆಸಿ ಒಣಗಿಸಿ ಹಾಕಿ. ಹಾಗಂತ ಹೆಲ್ಮೆಟ್ಟೇ ಬಿಡಬೇಡಿ ಮತ್ತೆ!

ಒಂದು ತಿಂಗಳಾದ್ರೂ ಕಡಿಮೆ ಆಗ್ಲಿಲ್ವಾ? ಹುಬ್ಬು, ಮೂಗಿನ ಪಕ್ಕ, ಕಿವಿ ಹಿಂದೆಯೂ ಕೆಂಪಾಗಿ ಪೊರೆ ಏಳ್ತಿದ್ಯಾ? ದಪ್ಪ ಬಿಳಿ ಪದರ ಕಟ್ಟಿದೆಯಾ, ಅಲ್ಲಲ್ಲಿ ಕೂದಲು ಉದುರ್ತಿದ್ಯಾ? ಚರ್ಮದ ಡಾಕ್ಟರ್ ಹತ್ರ ಹೋಗಿ. ಅದು ಸೋರಿಯಾಸಿಸ್ ಇರಬಹುದು, ಹುಳುಕಡ್ಡಿಯೂ ಇರಬಹುದು. ಮೆಡಿಕಲ್ ಶಾಪಲ್ಲಿ ಕೇಳಿ ಸ್ಟೀರಾಯ್ಡ್ ಕ್ರೀಮ್ ತಂದು ಹಚ್ಚೋದು ಮಾತ್ರ ಬೇಡವೇ ಬೇಡ.

ನನಗೆ ಮೂರನೇ ವಾರಕ್ಕೆ ತುರಿಕೆ ನಿಂತಿತು. ಈಗಲೂ ಚಳಿಗಾಲದಲ್ಲಿ ಆಗಾಗ ಬರುತ್ತೆ, ಆದ್ರೆ ಹೆದರಿಕೆ ಇಲ್ಲ. ಈ ಎಪಿಸೋಡ್ ರೆಕಾರ್ಡ್ ಮಾಡ್ತಿರೋದು ಕಪ್ಪು ಶರ್ಟಲ್ಲೇ. ಕೊನೆ ಬೆಂಚಲ್ಲಿ ಕೂತಿರೋ ನಿಮ್ಮ ಗೆಳೆಯನಿಗೂ ಇದನ್ನು ಕೇಳಿಸಿ. ಮತ್ತೆ ಸಿಗೋಣ.