ಕೊಡುವುದೋ, ಓಡಿಸುವುದೋ?

ದೂರದ ಸರ್ವರಿನಿಂದ ಪ್ರೋಗ್ರಾಂ ಒಂದನ್ನು ಇಳಿಸಿಕೊಳ್ಳಲು ಹೊರಟು ವಿಫಲರಾದವರು ಮೊದಲು ಗೂಬೆ ಕೂರಿಸುವುದು ಇಂಟರ್‌ನೆಟ್ ಸಂಪರ್ಕದ ಮೇಲೆ. ಪಾಪ, ಅದು ಎಷ್ಟೋ ವೇಳೆ ನಿರಪರಾಧಿ. ಬಂದ ಕಡತವನ್ನೇ ವಿಚಾರಿಸಿದರೆ ನಿಜಾಂಶ ಹೊರಬೀಳುತ್ತದೆ.

ವಿಂಡೋಸ್ ಗಣಕಯಂತ್ರದಲ್ಲಿ ಓಡುವ, 'ಇಎಕ್ಸ್‌ಇ' ಎಂದು ಹೆಸರು ಮುಗಿಯುವ ಕಡತಗಳೆಲ್ಲ 'ಎಂ', 'ಝಡ್' ಎಂಬ ಎರಡು ಅಕ್ಷರಗಳಿಂದ ಮೊದಲಾಗುತ್ತವೆ. ಈ ಕಡತಗಳ ರಚನೆಯನ್ನು ಡಾಸ್ ವ್ಯವಸ್ಥೆಗಾಗಿ ರೂಪಿಸಿದ ಮೈಕ್ರೊಸಾಫ್ಟಿನ ಮಾರ್ಕ್ ಝ್ಬಿಕೋವ್‌ಸ್ಕಿ ಅವರ ಹೆಸರಿನ ಮೊದಲಕ್ಷರಗಳಿವು. ಶಿಲ್ಪಿ ವಿಗ್ರಹದ ಪೀಠದಲ್ಲಿ ತನ್ನ ಹೆಸರು ಕೊರೆದ ಹಾಗೆ! ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದಾಗ ಇವುಗಳ ಬದಲು 'ಎಚ್‌ಟಿಎಂಎಲ್' ಎಂಬ ಮಾತು ಕಂಡರೆ, ಬಂದದ್ದು ಪ್ರೋಗ್ರಾಂ ಅಲ್ಲ. ಬಹುಶಃ 'ಮೊದಲು ಪಾಸ್‌ವರ್ಡ್ ಕೊಡಿ' ಎಂದು ಸರ್ವರು ಕಳುಹಿಸಿದ ಪುಟ.

ಸರ್ವರು ಮೊದಲೇ ತಿಳಿಸಿದ ಗಾತ್ರಕ್ಕಿಂತ ಕಡತ ಚಿಕ್ಕದಾಗಿದ್ದರೆ ಮಾತ್ರ ಸಂಪರ್ಕವನ್ನು ಶಂಕಿಸಬಹುದು. ಗಾತ್ರ ಸರಿಯಿದ್ದೂ ಓಡದಿದ್ದರೆ? ಸರ್ವರಿಗೆ ಏರಿಸಿದವರು ಎಫ್‌ಟಿಪಿಯನ್ನು ಬರಹದ ಕಡತಗಳ ಕ್ರಮದಲ್ಲಿ ಬಳಸಿರಬಹುದು. ಆಗ ಸಾಲಿನ ಕೊನೆಯ ಗುರುತುಗಳೆಂದು ಭ್ರಮಿಸಿ ಅದು ಕಡತದೊಳಗಿನ ಬೈಟುಗಳನ್ನೇ ತಿದ್ದಿಬಿಡುತ್ತದೆ. ಇಂಥ ಕಡತವನ್ನು ನೂರು ಬಾರಿ ಇಳಿಸಿಕೊಂಡರೂ ವ್ಯರ್ಥ. ಮೂಲದಲ್ಲಿಯೇ ಅದು ಕೆಟ್ಟಿದೆ.

ಎಲ್ಲಕ್ಕಿಂತ ವಿಚಿತ್ರವಾದ ತೊಡಕು ಮೈಕ್ರೊಸಾಫ್ಟಿನ ಐಐಎಸ್ ಸರ್ವರಿನದು. ಕಡತವಿರುವ ಫೋಲ್ಡರಿಗೆ 'ಓದು' ಎಂಬ ಅನುಮತಿಯ ಜೊತೆಗೆ 'ಓಡಿಸು' ಎಂಬುದನ್ನೂ ಕೊಟ್ಟಿದ್ದರೆ, ಸರ್ವರು ಪ್ರೋಗ್ರಾಮನ್ನು ಕೇಳಿದವರಿಗೆ ಕೊಡದೆ ತಾನೇ ಓಡಿಸಲು ತೊಡಗುತ್ತದೆ. ಊಟಕ್ಕೆ ಕರೆದ ಆತಿಥೇಯನು ಅತಿಥಿಯ ಎಲೆಯನ್ನು ತಾನೇ ಮುಗಿಸಿದಂತೆ! ಪ್ರೋಗ್ರಾಂ ಯಾರಿಗೂ ಕಾಣದ ಕಿಟಕಿಯೊಂದನ್ನು ತೆರೆದು, ಯಾರೂ ಒತ್ತಲಾರದ ಗುಂಡಿಗಾಗಿ ಕಾಯುತ್ತದೆ; ಇತ್ತ ಕೇಳಿದವರೂ ಕಾಯುತ್ತಾರೆ. ಕೊನೆಗೆ 502 ಎಂಬ ದೋಷಸಂಖ್ಯೆ ಬರುವುದುಂಟು. 'ಓಡಿಸು' ಎಂಬ ಅನುಮತಿಯನ್ನು ತೆಗೆದುಹಾಕುವುದೇ ಇದಕ್ಕೆ ಮದ್ದು. ಹೊರಗಿನವರೂ ಕಡತ ಏರಿಸಬಹುದಾದ ಫೋಲ್ಡರಿನಲ್ಲಂತೂ ಇದನ್ನು ಒಂದು ಗಳಿಗೆಯೂ ಉಳಿಸಬಾರದು. ಅಪರಿಚಿತನು ತಂದಿಟ್ಟ ಪ್ರೋಗ್ರಾಮನ್ನು ನಮ್ಮ ಯಂತ್ರವೇ ಓಡಿಸಿಬಿಟ್ಟೀತು.

ಇನ್ನು, ಇಳಿದು ಬಂದ ಕಡತವನ್ನು ಆ್ಯಂಟಿವೈರಸ್ ತಡೆದರೆ ಅದನ್ನೇ ಆರಿಸಿಬಿಡಿ ಎಂದು ಸಲಹೆ ಕೊಡುವ ಮಿತ್ರರಿದ್ದಾರೆ. ಈ ಸಲಹೆ ನನಗೆ ಒಪ್ಪಿಗೆಯಿಲ್ಲ. ತಯಾರಕರು ಎಸ್‌ಎಚ್‌ಎ-256 ಎಂಬ 64 ಅಂಕಾಕ್ಷರಗಳ ಮುದ್ರೆಯನ್ನು ಪ್ರಕಟಿಸಿದ್ದರೆ, ವಿಂಡೋಸಿನಲ್ಲಿಯೇ ಇರುವ 'ಸರ್ಟ್‌ಯುಟಿಲ್' ಎಂಬ ಸಾಧನದಿಂದ ನಿಮ್ಮ ಕಡತದ ಮುದ್ರೆಯನ್ನು ತೆಗೆದು ಹೋಲಿಸಿ. ಒಂದೇ ಒಂದು ಅಕ್ಷರ ಬೇರೆಯಾದರೂ ಆ ಕಡತವನ್ನು ತೆರೆಯದೆ ಅಳಿಸಿಹಾಕತಕ್ಕದ್ದು.